ಅತ್ತೆ ‘ಇಲ್ಲ’ ಅಂದ ಮೇಲೆ ಮತ್ತೆ ಕೇಳದ ಕಂಪ್ಯೂಟರ್

ಸ್ವಲ್ಪ ತಡೆಯಿರಿ. ನಿಮ್ಮ ಕಂಪ್ಯೂಟರ್ ಈಗಷ್ಟೇ ಅಪ್‌ಡೇಟ್ ಆಗಿ, ಪರದೆಯ ನಡುವೆ ಒಂದು ಚೌಕ ತೋರಿಸಿ ‘ಅನುಮತಿ ಕೊಡುತ್ತೀರಾ?’ ಎಂದು ಕೇಳುತ್ತಾ ನಿಂತಿದ್ದರೆ, ಇದನ್ನು ಓದಿ ಮುಗಿಸುವ ತನಕ ಹೌದು, ಇಲ್ಲ ಎರಡನ್ನೂ ಒತ್ತಬೇಡಿ.

ನಾನು ಕಂಪ್ಯೂಟರ್ ಓದಿದವಳಲ್ಲ, ಬಿ.ಎ. ಮಾಡಿದವಳು. ಲ್ಯಾಪ್‌ಟಾಪ್ ಕೂಡ ಶಹಾಬಾದಿನ ಒಂದು ಅಂಗಡಿಯಲ್ಲಿ ತಗೊಂಡ ಹಳೆಯದು. ವಿಡಿಯೊ ನೋಡುವುದು, ಏನನ್ನೋ ಕೆಡಿಸುವುದು, ಅಳುಮುಖ ಮಾಡಿಕೊಂಡು ಮತ್ತೆ ಸರಿಮಾಡುವುದು, ಹೀಗೇ ಕಲಿತೆ. ವಾಡಿಯಲ್ಲಿ ನಮ್ಮ ಓಣಿಯವರಿಗೆ ಪ್ರಿಂಟರ್ ನಿಂತಾಗ ನಾನೇ ನೆನಪಾಗುತ್ತೇನೆ. ಅಪ್‌ಡೇಟ್ ಬಂತೆಂದರೆ ನನಗೆ ಹೊಸ ಬಟ್ಟೆ ಬಂದಂತೆ. ಏನು ಬದಲಾಗಿದೆ, ಎಲ್ಲಿ ಬದಲಾಗಿದೆ ಎಂದು ನೋಡದಿದ್ದರೆ ಊಟ ಸೇರುವುದಿಲ್ಲ.

ಇದು ಹೋದ ಬೇಸಿಗೆಯ ಮಾತು. ಸೇಡಂನಲ್ಲಿ ನಮ್ಮ ಅತ್ತೆ ಇದ್ದಾಳೆ, ಅಪ್ಪನ ತಂಗಿ. ಮಾವ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದವರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಅತ್ತೆ ಅವರಿಗೆ ದಿನವೂ ಪೇಪರ್ ಓದಿ ಹೇಳುತ್ತಾಳೆ. ಭಾಷಣಕ್ಕೆ ಒಂದು ದನಿ, ಮಳೆ ಸುದ್ದಿಗೆ ಇನ್ನೊಂದು, ತೊಗರಿ ಧಾರಣೆಗೆ ಬೇರೆಯೇ ಒಂದು. ಓದಲು ಶುರುಮಾಡಿದರೆ ಹೊರಗೆ ಕಟ್ಟೆಯ ಮೇಲೆ ಕೂತವರೂ ಮಾತು ನಿಲ್ಲಿಸುತ್ತಾರೆ.

ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿಸಿ ರೆಕಾರ್ಡ್ ಮಾಡುವ ಒಂದು ಸಂಸ್ಥೆ, ನಮ್ಮ ಕಡೆಯ ದನಿ ಬೇಕೆಂದು ಹುಡುಕುತ್ತಿತ್ತು. ಅತ್ತೆಯ ಹೆಸರು ಕಳಿಸಿದ್ದು ನಾನು. ಆನ್‌ಲೈನಿನಲ್ಲಿ ಒಂದು ಪಾಠ ಓದಿ ತೋರಿಸಬೇಕು. ಕೇಳಿದವರಿಗೆ ಹಿಡಿಸಿದರೆ ಕೆಲಸ. ಶಾಲೆ ಬಿಡಿಸಿ ಮದುವೆ ಮಾಡಿದ ಮೇಲೆ ಅತ್ತೆಯನ್ನು ಹೊರಗಿನವರು ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ.

“ಹತ್ತನೇ ಕ್ಲಾಸ್ ತನಕ ಓದ್ದಾಕಿ ನಾ. ನನ್ನ ದನಿ ಅವರಿಗಿ ನಡೀತದೇನವ್ವ?” ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದಳು. ಪಕ್ಕದ ಮನೆಯ ಮಗುವಿನ ಪುಸ್ತಕಗಳನ್ನೆಲ್ಲ ತಂದು ಗಟ್ಟಿಯಾಗಿ ಓದಿ ಓದಿ ರೂಢಿ ಮಾಡಿಕೊಂಡಿದ್ದಳು.

ಓದಿ ತೋರಿಸಬೇಕಾದ ದಿನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ವಾಡಿಯಲ್ಲಿ ರೈಲು ಹತ್ತಿದೆ. ಚಿತ್ತಾಪುರ ದಾಟಿದ ಮೇಲೆ ಸೀಟು ಸಿಕ್ಕಿ, ಮುಚ್ಚಳ ತೆಗೆದು ನೋಡಿದರೆ ಯಂತ್ರ ಹಿಂದಿನ ಸಂಜೆಯೇ ತಾನಾಗಿ ಅಪ್‌ಡೇಟ್ ಆಗಿತ್ತು. ಪರದೆಯ ಮೇಲಿನ ಕಿಟಕಿಗಳ ಮೂಲೆಗಳೆಲ್ಲ ದುಂಡಗಾಗಿದ್ದವು, ಬಣ್ಣ ತಿಳಿಯಾಗಿತ್ತು. ಸೇಡಂ ಬರುವ ತನಕ ಖುಷಿಯಿಂದ ಅದನ್ನೇ ನೋಡುತ್ತಾ ಕೂತೆ.

ಮನೆಯಲ್ಲಿ ಮದುವೆ ಮನೆಯಷ್ಟು ತಯಾರಿ. ಸದ್ದು ಬರಬಾರದೆಂದು ಫ್ಯಾನ್ ಬಂದ್. ಚಿಂಚೋಳಿ ಬಸ್ಸಿನ ಹಾರನ್ ಕೇಳುತ್ತದೆಂದು ಕಿಟಕಿಯೂ ಬಂದ್. ಬಾಜೂ ಮನೆಯವರಿಗೆ ಅತ್ತೆ ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿಕೊಳ್ಳಲು ಹೇಳಿ ಬಂದಿದ್ದಳು. ಆ ಸೆಕೆಯಲ್ಲಿ ಅತ್ತೆ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಕೂತಿದ್ದಳು.

“ಇವತ್ತ ಕೆಮ್ಮಬೇಕಾದ್ರೂ ನಿಮ್ಮತ್ತಿಗಿ ಕೇಳೇ ಕೆಮ್ಮಬೇಕಂತ ನೋಡವ್ವ,” ಮಂಚದ ಮೇಲಿಂದ ಮಾವ ಅಂದರು.

“ನೀವು ಸುಮ್ಕ ಕುಂದ್ರಿ. ಗೊರಕಿ ಹೊಡದ್ರಿ ಅಂದ್ರ ಹೊರಗ ಕಟ್ಟಿಮ್ಯಾಲ ಕುಂದ್ರಸ್ತೀನಿ!”

ಲಿಂಕ್ ತೆರೆದೆ. ಮೈಕ್, ಕ್ಯಾಮೆರಾ ಬಳಸಲೇ ಎಂದು ಬ್ರೌಸರ್ ಕೇಳಿತು, ಹೌದು ಅಂದೆ. ನೆಟ್ ನನ್ನ ಫೋನಿನದು. ಒಳಗೆ ಸಿಗ್ನಲ್ ಸಾಲದೆ, ಫೋನನ್ನು ಮಾಳಿಗೆಯ ಗೋಡೆಯ ಮೇಲಿಟ್ಟು ಬರಲು ಹೋದೆ. ಇಳಿದು ಬರುವಷ್ಟರಲ್ಲಿ ಸಂಸ್ಥೆಯ ಮೇಡಂ ಪರದೆಯ ಮೇಲೆ ಬಂದಿದ್ದರು.

“ನಮಸ್ಕಾರ ಅಮ್ಮ. ಮುಖ ಚೆನ್ನಾಗಿ ಕಾಣಿಸ್ತಿದೆ. ಆದರೆ ನಿಮ್ಮ ಧ್ವನಿ ಬರ್ತಿಲ್ಲ.”

ಅವರ ಮಾತು ನಮಗೆ ಕೇಳುತ್ತಿತ್ತು. ಮೈಕ್ ಚಿಹ್ನೆ ನೋಡಿದೆ, ಚಾಲೂ ಇತ್ತು. ಬ್ರೌಸರ್ ಒಳಗೆ ಹೋಗಿ ನೋಡಿದೆ, ‘ಅನುಮತಿ ಇದೆ’ ಎಂದೇ ಬರೆದಿತ್ತು. ಮೈಕ್ ಮುಚ್ಚಿ ತೆರೆದೆ. ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಹಣೆಯ ಬೆವರು ಕೀಲಿಮಣೆಯ ಮೇಲೆ ಬೀಳುತ್ತಿತ್ತು.

“ನೀವು ಓದ್ತಾ ಇರಿ, ಅಷ್ಟರಲ್ಲಿ ಸರಿಹೋಗಬಹುದು,” ಅಂದರು ಮೇಡಂ. ಪಾಪ, ಒಳ್ಳೆಯವರು.

ಅತ್ತೆ ಓದಿದಳು. ಗೀಜಗ ಗೂಡು ಕಟ್ಟುವ ಪಾಠ. ಒಂದೊಂದು ಎಳೆಯನ್ನು ಹಕ್ಕಿ ಕೊಕ್ಕಿನಲ್ಲಿ ಹಿಡಿದು ತರುವಾಗ ಅವಳ ದನಿ ಸಣ್ಣಗಾಯಿತು, ಗಾಳಿ ಬೀಸಿದಾಗ ಮೇಲೆದ್ದಿತು, ಮರಿಗಳ ಹತ್ತಿರ ಬಂದಾಗ ಮೆತ್ತಗಾಯಿತು. ನಾನು ಅಲ್ಲಿ ಇಲ್ಲಿ ಒತ್ತುತ್ತಾ, ಒಂದು ಕಿವಿಯಲ್ಲಿ ಅದನ್ನು ಕೇಳುತ್ತಾ, ಪರದೆಯ ಮೇಲೆ ಮೇಡಂ ಮುಖ ನೋಡಿದೆ. ಅವರು ಮೊದಲು ಮುಗುಳ್ನಕ್ಕರು, ಆಮೇಲೆ ಗಡಿಯಾರ ನೋಡಿದರು, ಆಮೇಲೆ ಪಕ್ಕದವರ ಜೊತೆ ಏನೋ ಮಾತಾಡತೊಡಗಿದರು. ಅವರ ಪಾಲಿಗೆ ಅತ್ತೆ ಬಾಯಿ ಆಡಿಸುವ ಒಂದು ಚಿತ್ರ, ಅಷ್ಟೇ.

ಪಾಠ ಮುಗಿಯುತ್ತಲೇ ಮಾವ ಮಂಚದ ಮೇಲಿಂದ ಚಪ್ಪಾಳೆ ತಟ್ಟಿದರು. “ಭೇಷ್! ಇನ್ನ ಅವರೇನ್ ಬ್ಯಾಡ ಅಂತಾರ?” ಪರದೆಯಲ್ಲಿ ಏನಾಗುತ್ತಿದೆ ಎಂದು ಅವರಿಗೆ ಕಾಣುವಂತಿರಲಿಲ್ಲ. ನಾನು ಅತ್ತೆಯ ಕಡೆ ತಿರುಗಿದೆ.

“ಅತ್ತಿ, ನಾ ಮಾಳಗಿ ಮ್ಯಾಲ ಹೋದಾಗ ಇದರಾಗ ಏನರೆ ಬಂದಿತ್ತೇನ?”

“ಹೂಂ, ಬಂದಿತ್ತಲ್ಲ. ಮೈಕ್ ಬಳಸ್ಲಿ ಏನ ಅಂತ ಕೇಳ್ತು. ಇಲ್ಲ ಅಂತ ಒತ್ತಿದೆ.”

“ಇಲ್ಲ ಅಂದಿ? ಯಾಕ?”

“ಅಯ್ಯ, ಒಮ್ಮೆ ಕೇಳಿದ ಕೂಡ್ಲೇ ಹೂಂ ಅಂತಾರೇನ ಯಾರರೆ? ಇನ್ನೊಮ್ಮೆ ಕೇಳ್ತದ, ಆವಾಗ ಅಂದ್ರಾಯ್ತು ಅಂದ್ಕೊಂಡೆ.”

ನಾನು ಹುಟ್ಟಿದಾಗಿನಿಂದ ನೋಡಿದ್ದೂ ಇದೇ. ಯಾರ ಮನೆಗೆ ಹೋದರೂ ‘ಚಾ ಕುಡೀರಿ’ ಅಂದರೆ ಮೊದಲ ಮಾತು ‘ಬ್ಯಾಡ್ರಿ, ಈಗೇ ಕುಡ್ದು ಬಂದೀವಿ’. ಅವರು ‘ಹಂಗ್ಯಾಂಗ ಆಗ್ತದರಿ’ ಎಂದು ಮತ್ತೆ ಕೇಳಬೇಕು, ಇವರು ಮತ್ತೆ ಬೇಡವೆನ್ನಬೇಕು. ಅಷ್ಟಾದ ಮೇಲೆಯೇ ಕಪ್ಪಿಗೆ ಕೈ ಹಾಕುವುದು. ಕೇಳಿದ ತಕ್ಷಣ ಹೂಂ ಅಂದರೆ ಹಸಿದು ಬಂದವರಂತೆ. ಒಮ್ಮೆ ಬೇಡ ಅಂದದ್ದಕ್ಕೆ ಸುಮ್ಮನಾಗುವವರು ಮತ್ತೆ ಅವರ ಮನೆಗೆ ಹೋಗುವುದೇ ಬೇಡ ಎನ್ನುವಷ್ಟು ಕೆಟ್ಟವರು.

ಕಂಪ್ಯೂಟರ್ ಒಮ್ಮೆ ಕೇಳಿ ಸುಮ್ಮನಾಗಿತ್ತು. ಬ್ರೌಸರ್ ಕೇಳುವುದು ಬೇರೆ, ಇಡೀ ಯಂತ್ರದ ಕಡೆಯಿಂದ ಕೇಳುವುದು ಬೇರೆ ಎಂದು ನನಗೆ ಆಗಲೇ ಹೊಳೆದದ್ದು. ನಾನು ತೆರೆದದ್ದು ಕೋಣೆಯ ಬಾಗಿಲು. ಅಪ್‌ಡೇಟ್ ಹೊರಬಾಗಿಲನ್ನೂ ಹೊಸದಾಗಿ ಕೂರಿಸಿತ್ತು, ಅತ್ತೆಯ ‘ಇಲ್ಲ’ಕ್ಕೆ ಅದು ಮುಚ್ಚಿಕೊಂಡಿತ್ತು. ಸೆಟ್ಟಿಂಗ್ಸ್‌ಗೆ ಹೋದೆ, ‘ಗೌಪ್ಯತೆ’ ಹುಡುಕಿದೆ. ಸ್ಥಳ, ಕ್ಯಾಮೆರಾ, ಸಂಪರ್ಕಗಳು, ಹತ್ತಿರದ ಸಾಧನಗಳು, ಒಂದರ ಕೆಳಗೊಂದು. ಮೈಕ್ ಸಿಕ್ಕಿತು. ಬ್ರೌಸರ್ ಮುಂದಿನ ಸ್ವಿಚ್ ಆಫ್ ಇತ್ತು. ಒತ್ತಿದೆ. ‘ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ’ ಅಂದಿತು. ಮುಚ್ಚಿದರೆ ಮೇಡಂ ಹೋಗುತ್ತಾರೆ, ಮುಚ್ಚದಿದ್ದರೆ ದನಿ ಹೋಗುವುದಿಲ್ಲ. ‘ಎರಡು ನಿಮಿಷ, ಈಗ ಬರುತ್ತೇವೆ’ ಎಂದು ಬರೆದು ಕಳಿಸಿ ಮುಚ್ಚಿದೆ.

ತೆರೆದಾಗ ಬಂದದ್ದು ಕಾಯುವ ಕೋಣೆ. ‘ನಿಮ್ಮನ್ನು ಶೀಘ್ರ ಒಳಗೆ ಕರೆಯಲಾಗುವುದು.’ ಅತ್ತೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪುಸ್ತಕದಲ್ಲಿ ಬೆರಳಿಟ್ಟು ಕಾಯ್ದಳು. ಬಹಳ ಹೊತ್ತಾದ ಮೇಲೆ ಒಂದು ಸಾಲು ಬಂತು: ‘ಮುಂದಿನವರನ್ನು ಒಳಗೆ ಕರೆದಿದ್ದೇವೆ, ನಿಮ್ಮ ಅವಧಿ ಮುಗಿದಿದೆ, ವಂದನೆಗಳು.’

“ಏನಂದ್ರು?” ಮಾವ ಕೇಳಿದರು.

“ಅವರಿಗಿ ಕೇಳಿಸ್ಲಿಲ್ಲಂತರಿ,” ಅಂದಳು ಅತ್ತೆ.

“ಬಾಜೂ ಮನಿತನಕ ಕೇಳಿಸ್ತು, ಅವರಿಗಿ ಕೇಳಿಸ್ಲಿಲ್ಲೇನ?”

ಅತ್ತೆ ಎದ್ದು ಫ್ಯಾನ್ ಹಾಕಿದಳು, ಕಿಟಕಿ ತೆರೆದಳು. ನನ್ನನ್ನು ಬೈದಿದ್ದರೆ ವಾಸಿ ಇತ್ತು. ಪಕ್ಕಕ್ಕೆ ಬಂದು ಕೂತು, “ಅದರಾಗ ಇನ್ನ ಏನೇನ್ ಕೇಳ್ತದ ತೋರ್ಸವ್ವ,” ಅಂದಳು. ತೋರಿಸಿದೆ.

“ನಾ ಎಲ್ಲಿ ಅದೀನಿ ಅಂತ ಅದಕ್ಕ ಯಾಕ ಬೇಕು?”

“ಗೊತ್ತಿಲ್ಲ ಅತ್ತಿ.”

“ಹತ್ತಿರದ ಸಾಧನ ಅಂದ್ರ ಏನದು? ಬಾಜೂ ಮನ್ಯಾಗ ಹಣಿಕಿ ಹಾಕ್ತದೇನ?”

“ಗೊತ್ತಿಲ್ಲ.”

“ಒಮ್ಮೆ ಹೂಂ ಅಂದ್ರ ಆಮೇಲ ಯಾವಾಗಲೂ ನಮ್ಮ ಮಾತು ಕೇಳ್ಕೋತ ಕುಂದರ್ತದೋ, ಓದೋಮುಂದ ಅಷ್ಟೇ ಕೇಳ್ತದೋ?”

ಓಣಿಯ ಪ್ರಿಂಟರುಗಳನ್ನೆಲ್ಲ ಎಬ್ಬಿಸಿದವಳು ನಾನು, ಆ ಪಟ್ಟಿಯ ಅರ್ಧದಷ್ಟು ಪದಗಳನ್ನು ಓದಬಲ್ಲೆ, ತಿಳಿಸಿ ಹೇಳಲಾರೆ. ಇಲ್ಲ ಅಂದರೆ ಕೆಲಸ ಕೆಡುತ್ತದೆ ಎಂದು ಆ ದಿನ ಕಂಡೆ. ಹೌದು ಅಂದರೆ ಏನು ಕೆಡುತ್ತದೋ ಇನ್ನೂ ಕಂಡಿಲ್ಲ.

ಅದೇ ಸಂಜೆ ಅತ್ತೆಯ ಓದನ್ನು ರೆಕಾರ್ಡ್ ಮಾಡಿ, ನಡೆದದ್ದನ್ನೆಲ್ಲ ಬರೆದು, ಇನ್ನೊಂದು ಸರದಿ ಕೊಡಿ ಎಂದು ಸಂಸ್ಥೆಗೆ ಕಳಿಸಿದೆ. ‘ನಿಮ್ಮ ಪತ್ರ ತಲುಪಿದೆ’ ಎಂದು ಯಂತ್ರದ ಉತ್ತರ ಬಂತು. ಆಮೇಲೆ ಏನೂ ಇಲ್ಲ. ಮತ್ತೆ ಬರೆದೆ, ಮತ್ತೆ ಅದೇ ಉತ್ತರ. ಅತ್ತೆ ಫೋನ್ ಮಾಡಿದಾಗೆಲ್ಲ ಊಟ, ಬಿಸಿಲು ಎಲ್ಲ ವಿಚಾರಿಸಿ ಕೊನೆಗೆ, “ಅವರದೇನರೆ ಬಂತೇನವ್ವ?” ಅನ್ನುತ್ತಾಳೆ. ಇಲ್ಲ ಅನ್ನುತ್ತೇನೆ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ? ಅಪ್‌ಡೇಟ್ ಆದ ಮೇಲೆ ಯಾವ ಪ್ರಶ್ನೆ ಬಂತು, ನೀವೇನು ಒತ್ತಿದಿರಿ, ಏನು ನಿಂತುಹೋಯಿತು, ಬರೆಯಿರಿ. ಆ ‘ಹತ್ತಿರದ ಸಾಧನ’ ಅಂದರೆ ಏನೆಂದು ಗೊತ್ತಿದ್ದರೆ ಬಿಡಿಸಿ ಹೇಳಿ. ಮತ್ತೆ, ಇಂಥ ಕಡೆ ಒಮ್ಮೆ ತಪ್ಪಿದ ಸರದಿಯನ್ನು ಕೇಳಿ ಪಡೆದವರು ಯಾರಾದರೂ ಇದ್ದರೆ, ಯಾರಿಗೆ ಬರೆದಿರಿ, ಹೇಗೆ ಕೇಳಿದಿರಿ ಎಂಬುದನ್ನು ದಯವಿಟ್ಟು ಮೊದಲು ತಿಳಿಸಿ.