ನೂರು ದಾಟಿದ ಲಾಟು

ಕನ್ನಡದ ಅಕ್ಷರ ಕಲಿಯುವುದಕ್ಕೆ ಹತ್ತು ವರ್ಷ ಮೊದಲೇ ನಾನು ಕೊಬಾಲ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತೆ. ಇದನ್ನು ಹೇಳಿದರೆ ಬೆಂಗಳೂರಿನವರು ನಗುತ್ತಾರೆ. ನಗಲಿ. ನಮ್ಮದು ಎಷ್ಟೋ ತಲೆಮಾರಿನಿಂದ ಕೊಯಮತ್ತೂರಿನಲ್ಲೇ ಇರುವ ನೇಯ್ಗೆಯವರ ಮನೆ. ಕನ್ನಡ ಅಂದರೆ ಮನೆಯೊಳಗೆ ಆಡುವ ಮಾತು, ಅದೂ ಅರ್ಧ ತಮಿಳು ಬೆರೆತದ್ದು. ಅದಕ್ಕೊಂದು ಲಿಪಿ ಇದೆ ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಕೊಬಾಲಿಗಾದರೆ ಲಿಪಿಯೂ ಇತ್ತು, ಕೆಲಸವೂ ಇತ್ತು.

ಕೆಲಸ ಇದ್ದದ್ದು ಸಿಂಗಾನಲ್ಲೂರಿನ ಕಡೆಯ ಒಂದು ನೂಲಿನ ಮಿಲ್ಲಿನಲ್ಲಿ, ಎಂಬತ್ತರ ದಶಕದ ನಡುವೆ. ಇಡೀ ಮಿಲ್ಲಿಗೆ ಏಸಿ ಇದ್ದದ್ದು ಕಂಪ್ಯೂಟರ್ ಕೋಣೆಗೊಂದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ಬೀರುವಿನಷ್ಟು ದೊಡ್ಡ ಯಂತ್ರ, ಅದಕ್ಕೆ ಪ್ರೋಗ್ರಾಂ ಬರೆದ ನಮ್ಮ ಸಾರ್, ಅವರ ಕೈಕೆಳಗೆ ನಾನು. ಸಾರ್ ಮದ್ರಾಸಿನಲ್ಲಿ ಕೊಬಾಲ್ ಕಲಿತು ಬಂದವರು. ಅವರಿಗೆ ಕೊಬಾಲ್ ಬಿಟ್ಟರೆ ಬೇರೆ ಭಾಷೆಗಳೆಲ್ಲ ಹುಡುಗಾಟ.

ನನಗೆ ಆ ಕೆಲಸ ಸಿಕ್ಕಿದ್ದು ಮಾವನಿಂದ. ಅಮ್ಮನ ಅಣ್ಣ, ಅದೇ ಮಿಲ್ಲಿನ ನೂಲಿನ ಗೋಡೌನ್ ನೋಡಿಕೊಳ್ಳುತ್ತಿದ್ದವನು. ಹೆಣ್ಣುಮಗಳು ಮಿಲ್ಲಿಗೆ ಹೋಗುವುದೇ ಎಂದು ಅಪ್ಪ ಮುಖ ಗಂಟಿಕ್ಕಿಕೊಂಡು ಕೂತಾಗ, "ಅಮ್ಮಣಿ ನನ್ನ ಕಣ್ಣೆದುರಿಗೇ ಇರ್ತಾಳೆ, ಬಿಡಿ ಬಾವ" ಅಂತ ಒಂದೇ ಮಾತಿನಲ್ಲಿ ಮುಗಿಸಿದವನು ಅವನೇ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಗೇಟಿನವರೆಗೆ ಕನ್ನಡ, ಗೇಟು ದಾಟಿದರೆ ತಮಿಳು. ಮಿಲ್ಲಿನಲ್ಲಿ ಆಡಿದ್ದೆಲ್ಲ ತಮಿಳೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ನೂಲಿನ ವ್ಯವಹಾರ ಗೊತ್ತಿಲ್ಲದವರಿಗೆ ಒಂದು ಮಾತು. ಹತ್ತಿಯ ಒಂದು ಮಿಶ್ರಣದಿಂದ ತೆಗೆದ ನೂಲಿಗೆಲ್ಲ ಒಂದು ಲಾಟ್ ನಂಬರು. ತಿರುಪ್ಪೂರಿನ ಬನಿಯನ್ ಬಟ್ಟೆಯವರು ಒಂದು ಲಾಟಿನ ಜೊತೆ ಇನ್ನೊಂದನ್ನು ಬೆರೆಸಿ ಹೆಣೆದರೆ, ಬಿಳಿಯಾಗಿರುವಾಗ ಏನೂ ಕಾಣುವುದಿಲ್ಲ. ಬಣ್ಣಕ್ಕೆ ಹಾಕಿ ತೆಗೆದರೆ ಬಟ್ಟೆ ತುಂಬ ಪಟ್ಟೆ ಪಟ್ಟೆ. ಆ ಬಟ್ಟೆ ನೆಲ ಒರೆಸುವುದಕ್ಕೇ ಲಾಯಕ್ಕು.

ಆ ವರ್ಷ ಅಂಥ ಮೂರು ದೂರು ಬಂದವು. ಮೂರೂ ಒಂದೇ ಥರ, ಮೊದಲನೆಯದು ಬರುವ ಹೊತ್ತಿಗೆ ಮೂರೂ ಕಡೆಗೆ ಮೂಟೆ ಹೋಗಿಯಾಗಿತ್ತು. ಪಾರ್ಟಿಯವರು "ನಮ್ಮಲ್ಲಿ ಹನ್ನೆರಡನೇ ಲಾಟಿನ ನೂಲು ಸ್ವಲ್ಪ ಉಳಿದಿದೆ, ಅದೇ ಲಾಟು ನಿಮ್ಮಲ್ಲಿದ್ದರೆ ಕಳಿಸಿ" ಅಂತ ಕೇಳಿದ್ದರು. ಕಂಪ್ಯೂಟರ್ ಇದೆ ಅಂದಿತು. ನಮ್ಮ ಕೋಣೆಯಿಂದ "ಲಾಟ್ 12" ಅಂತ ಸ್ಲಿಪ್ಪು ಗೋಡೌನಿಗೆ ಹೋಯಿತು. ಗೋಡೌನಿನಿಂದ ಮೂಟೆ ತಿರುಪ್ಪೂರಿಗೆ ಹೋದವು. ಅಲ್ಲಿ ಕೆಲಸದವರು ಮೂಟೆ ಬಿಚ್ಚಿ ನೂಲನ್ನು ಹೆಣೆಯುವ ಯಂತ್ರಕ್ಕೇರಿಸಿದರು. ಬಟ್ಟೆಯಲ್ಲಿ ಪಟ್ಟೆ ಎದ್ದಮೇಲೆ ಖಾಲಿ ಚೀಲ ತಿರುಗಿಸಿ ನೋಡಿದರೆ ಅದರ ಮೇಲೆ ಮಾವ ನೀಲಿ ಬಣ್ಣದಲ್ಲಿ ಬರೆದ "112". ಪಾರ್ಟಿ ಆ ಚೀಲವನ್ನೇ ತಂದು ನಮ್ಮ ಮುದಲಾಳಿಯ, ಅಂದರೆ ಮಿಲ್ಲಿನ ಯಜಮಾನರ, ಮೇಜಿನ ಮೇಲೆ ಹಾಸಿದ.

ಯಜಮಾನರು ಮಾವನನ್ನು ಕರೆಸಿದರು. "ಸ್ಲಿಪ್ಪೆಲ್ಲಿ?" ಅಂದರು. ಮಾವ "ಕಳೆದುಹೋಯ್ತು ಮುದಲಾಳಿ" ಅಂದ. ಎರಡನೇ ದೂರಿನ ಸ್ಲಿಪ್ಪೂ ಕಳೆದುಹೋಗಿತ್ತು. ಮೂರನೆಯದೂ. ಇಪ್ಪತ್ತಾರು ವರ್ಷದಲ್ಲಿ ಒಂದು ಸೂಜಿ ಕಳೆಯದ ಮನುಷ್ಯ. ಯಜಮಾನರು, "ಆಡಿ ತಿಂಗಳು ಮುಗಿಯೋವರೆಗೆ ಇರು, ಆಮೇಲೆ ಮನೇಲಿರು" ಅಂದರು. ಆಡಿ ಅಂದರೆ ತಮಿಳರ ಆಷಾಢ; ಆಗ ನಮ್ಮ ಕಡೆ ಹೊಸದೇನನ್ನೂ ಶುರು ಮಾಡುವುದಿಲ್ಲ, ಯಾರನ್ನೂ ಕೆಲಸಕ್ಕೆ ಸೇರಿಸುವುದಿಲ್ಲ. ಬೇರೆಯವನು ಸಿಗಬೇಕಲ್ಲ, ಅದಕ್ಕೇ ಆ ದಯೆ.

ನಾನು ಆಗ ಏನು ತಿಳಿದುಕೊಂಡೆ ಅಂತ ಹೇಳಿಬಿಡುತ್ತೇನೆ, ನಾಚಿಕೆಯಾದರೂ. ಮಾವನಿಗೆ ಕಣ್ಣು ಮಂಜಾಗಿದೆ, 12ಕ್ಕೂ 112ಕ್ಕೂ ವ್ಯತ್ಯಾಸ ಕಾಣುತ್ತಿಲ್ಲ ಅಂದುಕೊಂಡೆ. ಅದನ್ನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಒಂದು ಭಾನುವಾರ ಗಾಂಧಿಪುರಕ್ಕೆ ಎಳೆದುಕೊಂಡು ಹೋಗಿ ಕನ್ನಡಕ ಮಾಡಿಸಿಕೊಟ್ಟೆ. ಅಂಗಡಿಯವನು ಗೋಡೆಯ ಅಕ್ಷರ ಓದಿಸಿದ. ಮಾವ ಕೊನೆಯ ಸಾಲಿನವರೆಗೂ ಗಡಗಡ ಓದಿದ. "ಇವರಿಗೆ ಯಾಕಮ್ಮ ಕನ್ನಡಕ?" ಅಂದ ಅಂಗಡಿಯವನು. ನನಗೆ ರೇಗಿಹೋಯಿತು. "ನಿಮ್ಮ ಕೆಲಸ ಮಾರೋದು ತಾನೆ? ಮಾರಿ" ಅಂದೆ. ಮಾವ ಅದನ್ನು ಏರಿಸಿಕೊಂಡು ಮನೆಗೆ ಬಂದ.

ಅದಾಗಿ ಒಂದು ವಾರಕ್ಕೆ ಸ್ಟಾಕ್ ಲಿಸ್ಟನ್ನು ಬೇರೇನೋ ಕೆಲಸಕ್ಕೆ ನೋಡುತ್ತಿದ್ದೆ. ಉದ್ದಕ್ಕೆ ಮಡಿಕೆ ಬಿಚ್ಚಿಕೊಳ್ಳುತ್ತಾ ಹೋದರೆ ಕೊನೆಯ ಲಾಟ್ 99. ಅದರಾಚೆ ಒಂದೂ ಇಲ್ಲ. ನಾನೇ ಬೆಳಿಗ್ಗೆ 114 ಒತ್ತಿದ್ದೆನಲ್ಲ! ಪ್ರೋಗ್ರಾಂ ತೆಗೆಸಿ ನೋಡಿದೆ. ಲಾಟ್ ನಂಬರಿಗೆ ಸಾರ್ ಇಟ್ಟಿದ್ದ ಜಾಗ ಎರಡಂಕಿಯದು. ನಾನು 112 ಒತ್ತಿದರೆ ಪರದೆಯ ಮೇಲೆ 112 ಅಂತಲೇ ಕಾಣುತ್ತಿತ್ತು. ಒಳಗೆ ಹೋಗುವಾಗ ಎಡಗಡೆಯ ಒಂದು ಉದುರಿಹೋಗಿ 12 ಆಗುತ್ತಿತ್ತು. ಹಳೇ ಹನ್ನೆರಡು ಪೊಂಗಲ್ ಹೊತ್ತಿಗೇ ಮುಗಿದಿತ್ತು. ಹೊಸ ನೂರಾಹನ್ನೆರಡನ್ನೇ ಕಂಪ್ಯೂಟರ್ ಹನ್ನೆರಡು ಅಂತ ಲೆಕ್ಕ ಹಿಡಿದು, ಇದೆ ಇದೆ ಅನ್ನುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನಮ್ಮ ಮಾವ.

ಸಾರ್ ಹತ್ತಿರ ಹೋಗಿ ತೋರಿಸಿದೆ. ಅವರು ಅಲ್ಲಗಳೆಯಲಿಲ್ಲ. "ಆಯುಧಪೂಜೆ ಮಾರನೇ ದಿನ ಪ್ರತಿ ವರ್ಷ ಲಾಟು ಒಂದರಿಂದ ಶುರು ತಾನೆ? ವರ್ಷಕ್ಕೆ ಎಂಬತ್ತು ದಾಟಿದ್ದನ್ನು ನಾನು ನೋಡಿಲ್ಲ. ಮೂರನೇ ಅಂಕಿ ಯಾಕೆ ದಂಡಕ್ಕೆ?" ಅಂದರು. ಅದೂ ನಿಜವೇ. ನಮ್ಮ ಮಿಲ್ಲಿನಲ್ಲಿ ಯಂತ್ರಕ್ಕೆ ಗಂಧ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕುಂಬಳಕಾಯಿ ಒಡೆದ ಮಾರನೇ ದಿನ ಬರುವ ಮೊದಲ ಮೂಟೆಗೆ ಲಾಟ್ ಒಂದು. ಆ ಪದ್ಧತಿಯನ್ನು ನಂಬಿ ಅವರು ಕೊಬಾಲ್ ಬರೆದಿದ್ದರು. ಆ ವರ್ಷ ಯಜಮಾನರು ಹೊಸ ಯಂತ್ರಗಳನ್ನು ತರಿಸಿದ್ದರಿಂದ ಆಡಿಗೆ ಮುಂಚೆಯೇ ಲಾಟು ನೂರು ದಾಟಿತು.

"ಈಗ ಮೂರಂಕಿ ಮಾಡಿ ಸಾರ್" ಅಂದೆ.

"ಮೂವತ್ತಕ್ಕಿಂತ ಹೆಚ್ಚು ಪ್ರೋಗ್ರಾಮಲ್ಲಿ ಈ ಎರಡಂಕಿ ಇದೆ. ಫೈಲೆಲ್ಲ ತಿರುಗಿ ಬರೀಬೇಕು. ನಾಲ್ಕು ತಿಂಗಳು" ಅಂದರು. ಆಮೇಲೆ ಸಮಾಧಾನವಾಗಿ, "ಅಷ್ಟರಲ್ಲಿ ಆಯುಧಪೂಜೆ ಬಂದೇಬಿಡುತ್ತೆ" ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಆಡಿ ಮುಗಿದು ಮಾವ ಮನೆಗೆ ಹೋಗುವುದಕ್ಕೆ ಇದ್ದದ್ದು ಇಪ್ಪತ್ತು ದಿನ.

ಯಜಮಾನರ ಕೋಣೆಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇತ್ತು. ಹಿಂದಿನ ವರ್ಷ ಕೊಂಡದ್ದು, ಬಂದವರಿಗೆ ತೋರಿಸುವುದಕ್ಕೆ. ಮೇಲೆ ಕಸೂತಿ ಹಾಕಿದ ಹೊದಿಕೆ. ಜೊತೆಗೆ ಡಿಬೇಸ್ ಅನ್ನುವ ಭಾಷೆಯ ಫ್ಲಾಪಿ, ಪುಸ್ತಕ. ಪುಸ್ತಕವನ್ನು ನಾನು ಊಟದ ಹೊತ್ತಿನಲ್ಲಿ ಓದಿ ಮುಗಿಸಿದ್ದೆ. ಕೊಬಾಲ್ ಅಂದರೆ ಮದುವೆಯ ಕರೆಯೋಲೆ: ಬರೆದವರು ಯಾರು, ಯಾವ ಯಂತ್ರ, ಯಾವ ಫೈಲು ಎಂದು ಹಿರಿಯರ ಹೆಸರೆಲ್ಲ ಮುಗಿದ ಮೇಲೆ ಹೆಣ್ಣುಗಂಡಿನ ವಿಷಯ. ಡಿಬೇಸ್‌ನಲ್ಲಿ ಎಲೆ ಹಾಕಿದೆ, ಬಾ ಅಂದರೆ ಆಯಿತು. ಸಾರ್‌ಗೆ ಹೇಳಿದೆ. "ಅದು ಭಾಷೆಯೇ ಅಲ್ಲ. ಗುಮಾಸ್ತರ ಆಟ" ಅಂದರು. "ಗುಮಾಸ್ತರ ಕೆಲಸವೇ ತಾನೆ ಸಾರ್ ನಾವು ಮಾಡ್ತಿರೋದು?" ಅಂದೆ. ಎರಡು ದಿನ ಅವರು ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೇ ದಿನ ನಾನೇ ಯಜಮಾನರ ಕೋಣೆಗೆ ನುಗ್ಗಿದೆ. ಹಿಂದೆಯೇ ಸಾರ್ ಬಂದರು. ಎಲ್ಲ ಹೇಳಿದೆ. ಯಜಮಾನರಿಗೆ ಎಡಗಡೆಯ ಒಂದು ಎಲ್ಲಿ ಉದುರುತ್ತದೆ ಅನ್ನುವುದು ತಿಳಿಯಲಿಲ್ಲ, ಆದರೆ ಉದುರುತ್ತಿದೆ ಅನ್ನುವುದು ತಿಳಿಯಿತು.

ಸಾರ್ ಒಂದು ಉಪಾಯ ಕೊಟ್ಟರು. "ಇವತ್ತೇ ಒಂದು ಸಣ್ಣ ಪೂಜೆ ಮಾಡಿ ಲಾಟನ್ನ ಒಂದರಿಂದ ಶುರು ಮಾಡಿಬಿಡೋಣ ಮುದಲಾಳಿ. ಪ್ರೋಗ್ರಾಂ ಮುಟ್ಟೋದೇ ಬೇಡ."

ಯಜಮಾನರು ಅವರನ್ನು ಹುಚ್ಚರನ್ನು ನೋಡಿದ ಹಾಗೆ ನೋಡಿದರು. "ಆಡಿ ತಿಂಗಳಲ್ಲಾ?"

ಇದೇ ಸಮಯ ಅಂತ ನಾನು, "ಸ್ಟಾಕನ್ನ ಈ ಚಿಕ್ಕ ಯಂತ್ರಕ್ಕೆ, ಹೊಸ ಭಾಷೆಗೆ ಹಾಕೋಣ" ಅಂದೆ.

"ಹೊಸ ಭಾಷೆಯಾ?" ಅಂದರು ಯಜಮಾನರು. "ಅದೂ ಆಡಿ ತಿಂಗಳಲ್ಲಾ?"

ಅತ್ತ ದರಿ, ಇತ್ತ ಪುಲಿ. ಭಾಷೆಯ ಗುಣವನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಬಂದಿದ್ದೆ. ಅದು ಯಾವುದಕ್ಕೂ ಬರಲಿಲ್ಲ. ಆಗ ಹೊದಿಕೆಯ ಅಂಚಿನಲ್ಲಿ ಏನೋ ಕಂಡಿತು. ಎತ್ತಿದೆ. ಯಂತ್ರದ ನೆತ್ತಿಯ ಮೇಲೆ ಹಿಂದಿನ ಆಯುಧಪೂಜೆಯ ಕುಂಕುಮ ಒಣಗಿ ಅಂಟಿಕೊಂಡಿತ್ತು. ಫ್ಲಾಪಿಯ ಡಬ್ಬಿಯ ಮೇಲೂ ಒಂದು ಬೊಟ್ಟು.

"ಇದಕ್ಕೆ ಹೋದ ವರ್ಷವೇ ಪೂಜೆ ಆಗಿದೆ ಮುದಲಾಳಿ" ಅಂದೆ. "ಇದು ಹೊಸದಲ್ಲ. ಪೂಜೆ ಮಾಡಿಸಿಕೊಂಡು ಕೆಲಸ ಮಾಡದೆ ಕೂತಿದೆ, ಅಷ್ಟೆ."

ಯಜಮಾನರು ಎದ್ದು ಬಂದು ಕುಂಕುಮವನ್ನು ಬಗ್ಗಿ ನೋಡಿದರು. ಇಡೀ ಮಾತುಕತೆಯಲ್ಲಿ ಅವರು ಯಾವುದನ್ನಾದರೂ ಪರೀಕ್ಷೆ ಮಾಡಿದ್ದರೆ ಅದೊಂದನ್ನೇ. "ಹಂಗಾದ್ರೆ ಮಾಡು" ಅಂದರು.

ಮಾವನ ತಮಿಳು ರಿಜಿಸ್ಟರಿನಿಂದ ಒಂದೊಂದು ಮೂಟೆಯನ್ನೂ ಹತ್ತು ದಿನ ಕೂತು ಒತ್ತಿದೆ. ಬೇಕೆಂದೇ ಲಾಟಿಗೆ ಮೊದಲು ಎರಡಂಕಿ ಜಾಗ ಇಟ್ಟು, ನೂರು ದಾಟಿದವನ್ನು ಪಕ್ಕಕ್ಕೆ ಉಳಿಸಿಕೊಂಡೆ. ಆಮೇಲೆ ಯಜಮಾನರನ್ನೂ ಸಾರ್ ಅವರನ್ನೂ ಕೂರಿಸಿ, ಅವರಿಗೆ ಕಾಫಿ ತರಿಸಿ, ಎರಡನ್ನು ಮೂರು ಮಾಡಿದೆ. ಕಾಫಿ ಆರುವ ಮೊದಲೇ ಕೆಲಸ ಮುಗಿಯಿತು. ಉಳಿದವನ್ನೂ ಒತ್ತಿ ಹನ್ನೆರಡು ಕೇಳಿದೆ: ಇಲ್ಲ ಅಂದಿತು. ನೂರಾಹನ್ನೆರಡು ಕೇಳಿದೆ: ಇದೆ ಅಂದಿತು. ಸಾರ್ ಲೋಟ ಕೆಳಗಿಟ್ಟು, "ನಾಲ್ಕು ತಿಂಗಳ ಕೆಲಸ" ಅಂದರು, ಯಾರಿಗೂ ಅಲ್ಲ. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು, ಗೆದ್ದ ಖುಷಿಯೂ ಕಡಿಮೆಯಾಗಲಿಲ್ಲ. ಮುಂದೆ ಅವರೂ ಡಿಬೇಸ್ ಕಲಿತರು, ಪ್ರತಿ ಪ್ರೋಗ್ರಾಮಿನ ತಲೆಯಲ್ಲೂ ತಮ್ಮ ಹೆಸರು, ಊರು, ತಾರೀಖು ಬರೆದುಕೊಂಡೇ.

"ತಪ್ಪು ಗೋಡೌನಿನದಲ್ಲ, ನಮ್ಮ ಕೋಣೆಯದು. ಮಾವನನ್ನ ತೆಗೀಬಾರದು" ಅಂದೆ.

"ತೆಗೆಯಲ್ಲ" ಅಂದರು ಯಜಮಾನರು. ಆಮೇಲೆ ಒಂದು ಪ್ರಶ್ನೆ ಹಾಕಿದರು. "ಆದ್ರೆ ಒಂದು ಹೇಳು. ಸ್ಲಿಪ್ಪಲ್ಲಿ ಹನ್ನೆರಡಿತ್ತು. ಗೋಡೌನಲ್ಲಿ ಹನ್ನೆರಡು ಇರಲಿಲ್ಲ. ಇಲ್ಲ ಅಂತ ಒಂದು ಮಾತು ಹೇಳೋಕೆ ಅವನಿಗೆ ಬಾಯಿರಲಿಲ್ವಾ?"

ಅದನ್ನೇ ಕೇಳೋಣ ಅಂತ ಸೀದಾ ಗೋಡೌನಿಗೆ ಹೋದೆ. ಊಟದ ಹೊತ್ತು. ಮಾವ ಮೂಟೆಯೊಂದರ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದ, ಕನ್ನಡಕ ಮೂಗಿನ ಮೇಲೆ. ನಡೆದದ್ದೆಲ್ಲ ಕನ್ನಡದಲ್ಲೇ ಹೇಳಿದೆ, ಗೇಟಿನ ಒಳಗೆ ಮೊದಲ ಸಲ. ಕೆಲಸ ಉಳಿಯಿತು ಅಂದೆ. ಅವನಿಗೆ ಅದು ಕೇಳಿಸಿದ ಹಾಗೇ ಕಾಣಲಿಲ್ಲ.

"ಹಂಗಾದ್ರೆ ನೀನು ತಪ್ಪು ಒತ್ತಿರ್ಲಿಲ್ವಾ ಅಮ್ಮಣಿ?" ಅಂದ.

"ನಾನ್ಯಾಕೆ ತಪ್ಪು ಒತ್ಲಿ?"

"ಹನ್ನೆರಡು ಯಾವತ್ತೋ ಮುಗಿದಿತ್ತಲ್ಲ. ನೂರಾಹನ್ನೆರಡು ಅಟ್ಟಿ ಹಾಕಿತ್ತು. ಕೂಸು ಒಂದನ್ನ ಬಿಟ್ಟಿದೆ ಅಂದ್ಕೊಂಡು ನಾನೇ ಸರಿಮಾಡಿ ಕೊಟ್ಟೆ. ವಾಪಸ್ ಕಳಿಸಿದ್ರೆ ನಿಮ್ಮ ಸಾರ್ ನಿನ್ನ ಹೆಸರಿನ ಮುಂದೆ ಕೆಂಪು ಮಸಿಲಿ ಗೀಚ್ತಿದ್ರು. ಕೆಲಸ ಬಿಡಿಸ್ಬಿಟ್ರೆ ನಿಮ್ಮಪ್ಪನಿಗೆ ಏನಂತ ಹೇಳ್ಲಿ?"

ಆರು ವಾರ ನಾನು ಅವನ ಕಣ್ಣಿನ ಮಂಜನ್ನು ಮುಚ್ಚಿಟ್ಟುಕೊಂಡು ಓಡಾಡಿದ್ದೆ. ಅವನು ನನ್ನ ಬೆರಳಿನ ತಪ್ಪನ್ನು. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತುಕೊಂಡು. "ಥೂ, ಒಂದು ಮಾತು ಕೇಳಕ್ಕೇನಾಗಿತ್ತು ನಿಂಗೆ!" ಅಂತ ಬೈದೆ. ಬೈಯುತ್ತಲೇ ಅಳು ಬಂತು, ಮೂಟೆಗಳ ಮಧ್ಯೆ ನಿಂತು ಚೆನ್ನಾಗಿ ಅತ್ತೆ.

ಮಾವ ಕೈ ತೊಳೆದು ಬಂದ. ಕನ್ನಡಕ ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟ. "ಇದನ್ನ ಹಾಕ್ಕೊಂಡ್ರೆ ಏನೂ ಕಾಣಲ್ಲ. ನೀನು ಮಾಡಿಸ್ಕೊಟ್ಟಿದ್ದು ಅಂತ ಹಾಕ್ಕೊಂಡಿದ್ದೆ" ಅಂದ. ಆಮೇಲೆ ಬಣ್ಣದ ಡಬ್ಬಿಗಳ ಹಿಂದೆ ಕೈ ಹಾಕಿ ಒಂದು ಬೀಡಿ ಕಟ್ಟಿನಷ್ಟು ಸಣ್ಣಗೆ ಮಡಿಸಿದ ಕಾಗದ ಹೊರಗೆ ತೆಗೆದ. ಕಳೆದುಹೋಗಿದ್ದ ಮೂರೂ ಸ್ಲಿಪ್ಪು. ಮೂರರ ಕೆಳಗೂ, ಒತ್ತಿದವರ ಗುರುತು ಇರಬೇಕೆಂದು ಸಾರ್ ಮಾಡಿದ್ದ ನಿಯಮದ ಪ್ರಕಾರ, ನನ್ನ ಇನಿಷಿಯಲ್ಲು.

"ಇನ್ನು ಇಟ್ಕೋಬೇಕಾಗಿಲ್ಲ ಅಲ್ವಾ?" ಅಂದ ಮಾವ, ನೀಲಿ ಬಣ್ಣದ ಡಬ್ಬಿ ಎತ್ತಿಕೊಂಡು ನೂರಾಹದಿನೈದರ ಮೂಟೆಗಳ ಕಡೆ ಹೋದ.