ನೀಲಾಂಬಿಕೆ ಹೆಸರು ಕೊಟ್ಟದ್ದು

ಗುರುಸ್ವಾಮಿಯ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ, ಕೇಳಲೂಬೇಡಿ. ನಾನು ಹೇಳಹೊರಟಿದ್ದು ಅವನ ಅಕ್ಕ ನೀಲಾಂಬಿಕೆಯ ವಿಚಾರ. ಆದರೆ ಅವಳ ಬದುಕಿನ ಯಾವ ಮೂಲೆ ಗುಡಿಸಿದರೂ ಆ ಪುಣ್ಯಾತ್ಮ ಸಿಗುತ್ತಾನೆ.

ಹಂಪಾಪುರದ ಕಡೆಯಿಂದ, ಪಿರಿಯಾಪಟ್ಟಣದ ಪಕ್ಕದ ನಮ್ಮೂರಿಗೆ ಸೊಸೆಯಾಗಿ ಬಂದವಳು ನೀಲಾಂಬಿಕೆ. ಗಂಡ ಬೇಗ ತೀರಿಕೊಂಡ. ಹೊಗೆಸೊಪ್ಪಿನ ಕಾಲದಲ್ಲಿ ಒಣಗಿಸಲು ಕಡ್ಡಿಗೆ ಸೊಪ್ಪು ಕಟ್ಟುವ ಕೂಲಿ, ಉಳಿದಂತೆ ಸಿಕ್ಕಿದ ಕೂಲಿ. ಸೊಪ್ಪಿನ ಅಂಟು ಮೆತ್ತಿ ಕೈ ಕಪ್ಪಗಾಗಿ, ಉಣ್ಣುವ ಅನ್ನವೂ ಕಹಿ. ಮನೆಯಲ್ಲಿ ಅತ್ತೆ ಸುನಂದಮ್ಮ. ಬಿಪಿ ಮಾತ್ರೆ ಮುಗಿದರೆ ಆ ಮುದುಕಿ ಸೊಸೆಯ ಮುಖ ನೋಡುತ್ತಾ ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಬಾಯಿಬಿಟ್ಟು ಕೇಳಲು ನಾಚಿಕೆ. ಅದನ್ನು ನೋಡಿ ನೋಡಿ ನೀಲಾಂಬಿಕೆಗೆ ಒಂದೇ ಹಟ ಹುಟ್ಟಿತು: ವಯಸ್ಸಾದಾಗ ತಾನು ಯಾರ ಮುಂದೆಯೂ ಹೀಗೆ ನಿಲ್ಲಬಾರದು. ನಲವತ್ತು ತುಂಬಿದರೆ ಸೇರಿಸಿಕೊಳ್ಳುವುದಿಲ್ಲವೆಂದು ತಿಳಿದು, ಅದಕ್ಕೆ ಮೊದಲೇ ಬ್ಯಾಂಕಿಗೆ ಹೋಗಿ ಅಟಲ್ ಪಿಂಚಣಿಗೆ ಸೇರಿದಳು. ತಿಂಗಳು ತಿಂಗಳು ಅವಳ ಖಾತೆಯಿಂದ ಕಂತು ಹೋಗಬೇಕು, ಅರವತ್ತಾದ ಮೇಲೆ ಪಿಂಚಣಿ ಬರಬೇಕು. ಎಲೆಅಡಿಕೆ ಬಿಟ್ಟಳು, ಹಬ್ಬದ ಸೀರೆ ಬಿಟ್ಟಳು, ಕಂತು ಬಿಡಲಿಲ್ಲ.

ಮಾರನೇ ವರ್ಷ ಬ್ಯಾಂಕಿನವರು ಕರೆಸಿ, ಪಿಂಚಣಿ ಖಾತೆ ಮುಚ್ಚಿದೆ ಎಂದರು. ಅವಳ ಜೊತೆ ಪಕ್ಕದ ಮನೆಯ ನಾನೂ ಹೋಗಿದ್ದೆ.

“ಇನ್‌ಕಮ್ ಟ್ಯಾಕ್ಸ್ ಕಟ್ಟಿದೋರಿಗೆ ಈ ಪಿಂಚಣಿ ಇಲ್ಲಮ್ಮ. ನೀವು ಸೇರೋಕೆ ಮುಂಚೇನೇ ಟ್ಯಾಕ್ಸ್ ಕಟ್ಟಿದ್ದೀರಿ,” ಅಂದ ಗುಮಾಸ್ತ.

“ನಾನಾ?” ಅವಳು ಎರಡೂ ಅಂಗೈ ಮುಂದೆ ಚಾಚಿದಳು. “ನೀವೇ ನೋಡಿ ಯೋಳಿ ಸ್ವಾಮಿ, ಟ್ಯಾಕ್ಸ್ ಕಟ್ಟೋ ಕೈಯಾ ಇದು?”

ಗುಮಾಸ್ತ ಕಂಪ್ಯೂಟರ್ ನೋಡಿದ, ಕೈ ನೋಡಲಿಲ್ಲ. ಕಟ್ಟಿದ ದುಡ್ಡು ವಾಪಸ್ ಬರುತ್ತದೆ, ಮತ್ತೆ ಸೇರುವಂತಿಲ್ಲ ಎಂದು ಮುಂದಿನವರನ್ನು ಕರೆದ.

ಟ್ಯಾಕ್ಸ್ ಕಟ್ಟಿದ್ದವನು ಗುರುಸ್ವಾಮಿ. ಅದಕ್ಕೂ ಕೆಲವು ವರ್ಷದ ಹಿಂದೆ ಪಿಕಪ್ ಗಾಡಿ ಕೊಳ್ಳಲು ಅವನಿಗೆ ಯಾರೂ ಸಾಲ ಕೊಡಲಿಲ್ಲ, ಹಳೆಯ ಸಾಲಕ್ಕೆ ನಾಮ ಹಾಕಿದ್ದ. “ನಿನ್ನೆಸರು ಕೊಡಕ್ಕ, ಸಾಕು” ಅಂದ. ನಮ್ಮ ಸೀಮೆಯಲ್ಲಿ ಹೆಸರು ಕೊಡುವುದೇನೂ ಹೊಸದಲ್ಲ. ತಂಬಾಕು ಮಂಡಳಿಯ ಲೈಸೆನ್ಸ್ ಇಲ್ಲದವನ ಹೊಗೆಸೊಪ್ಪು ಲೈಸೆನ್ಸ್ ಇದ್ದವನ ಹೆಸರಲ್ಲಿ ಹರಾಜಿಗೆ ಹೋಗುತ್ತದೆ, ದುಡ್ಡು ಬೆಳೆದವನ ಕೈ ಸೇರುತ್ತದೆ, ಹೆಸರು ಕೊಟ್ಟವನಿಗೆ ಏನೂ ಆಗುವುದಿಲ್ಲ. ಇದೂ ಅಂಥದ್ದೇ ಎಂದುಕೊಂಡಳು ನೀಲಾಂಬಿಕೆ. ಆ ಖದೀಮ ಅವಳಿಗೊಂದು ಪ್ಯಾನ್ ಕಾರ್ಡ್ ಮಾಡಿಸಿ, ಸಾಲ ಹುಟ್ಟಲೆಂದು ಅವಳ ಹೆಸರಲ್ಲಿ ಇಲ್ಲದ ಆದಾಯ ತೋರಿಸಿ, ಅದಕ್ಕೆ ತೆರಿಗೆಯನ್ನೂ ಕಟ್ಟಿದ್ದ. ಅಕ್ಕನಿಗೆ ಒಂದು ಮಾತು ಹೇಳಿರಲಿಲ್ಲ.

ಗಾಡಿಯ ಸಾಲ ತೀರಿತು. ಮೊನ್ನೆ ಶ್ರಾವಣದಲ್ಲಿ ಅದನ್ನು ಮಾರಿ ದೊಡ್ಡದು ಕೊಳ್ಳುವ ಹುಮ್ಮಸ್ಸಿನಲ್ಲಿ ಅವನು ಅದೇ ಗಾಡಿ ಓಡಿಸಿಕೊಂಡು ಅಕ್ಕನ ಸಹಿಗೆ ಬಂದ. ಅವಳು ಅಳುತ್ತಾ ಪಿಂಚಣಿಯ ಮಾತೆತ್ತಿದಳು.

“ಥೂ, ಅಷ್ಟಕ್ಕೆ ಯಾಕಕ್ಕ ಅಳ್ತೀಯ? ಬುಡು ಅತ್ಲಾಗೆ. ವಯಸ್ಸಾದ್ಮೇಲೆ ನಮ್ಮನೇಲೇ ಒಂದ್ ಮೂಲೇಲಿ ಬಿದ್ದಿರು. ನಿಂಗೊಂದ್ ತುತ್ತು ಇಕ್ಕಕ್ಕೆ ಆಗಲ್ವಾ ನಂಗೆ?”

ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ ಸುನಂದಮ್ಮ ಎದ್ದು ಒಳಗೆ ಹೋದಳು. ನೀಲಾಂಬಿಕೆಯ ಅಳು ಅಲ್ಲಿಗೇ ನಿಂತಿತು.

“ಗಾಡಿ ಯಾರ ಎಸರ್ನಲ್ಲೈತ್ಲಾ?”

“ನಿನ್ನೆಸರ್ನಲ್ಲೇಯ. ಅದ್ಕೇ ತಾನೆ ಸೈನ್ ಕೇಳ್ತಿರಾದು.”

“ಟ್ಯಾಕ್ಸ್ ಕಟ್ಟಿರಾಳೂ ನಾನೇ ಅಂತೆ. ಅಂಗಂದ್ಮೇಲೆ ಅದರ ದುಡಿಮೆನೂ ನಂದೇ ಕಣ್ಲಾ. ಬೀಗದಕೈ ಇಲ್ಲಿ ಮಡಗಿ ಬಸ್ ಅತ್ತು.”

ಅವನು ನಕ್ಕ. ಆಮೇಲೆ ಕೂಗಾಡಿದ, ಅವ್ವನ ಆಣೆ ಇಟ್ಟ, ಪೊಲೀಸರ ಹೆಸರೆತ್ತಿದ.

“ಓಗು, ಯಾರ ಗಾಡಿ ಅಂತ ಅವರೇ ಯೋಳ್ಲಿ,” ಅಂದಳು.

ಬೀಗದಕೈ ಜಗಲಿಗೆ ಎಸೆದು ಹೊರಟ. ಬಸ್ ಸ್ಟಾಪಿನವರೆಗೂ ಅವನ ಬೆನ್ನು ನೋಡುತ್ತಾ ನಿಂತೆ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ನಂಜಣ್ಣ ಎಂಬ ಡ್ರೈವರ್ ಸಂಬಳಕ್ಕೆ ಗಾಡಿ ಓಡಿಸುತ್ತಾನೆ. ಬಂದ ಬಾಡಿಗೆಯಲ್ಲಿ ಒಂದು ಪಾಲನ್ನು ಅವಳು ಮುಪ್ಪಿಗೆಂದು ಅಂಚೆ ಕಚೇರಿಯಲ್ಲಿ ಕಟ್ಟುತ್ತಾಳೆ. ತವರಿನವರು ಅವಳ ಫೋನ್ ಎತ್ತುವುದಿಲ್ಲ, ಹಡೆದವ್ವನ ದನಿಯೂ ಕೇಳುವಂತಿಲ್ಲ. ಅದಕ್ಕೆ ಅವಳು ಬಿಕ್ಕಿ ಬಿಕ್ಕಿ ಅಳುವುದನ್ನು ನಾನೇ ಕೇಳಿದ್ದೇನೆ. ಕಣ್ಣು ಒರೆಸಿಕೊಳ್ಳುತ್ತಲೇ ಹೊರಗೆ ಬಂದು, “ನಂಜಣ್ಣ, ಡೀಸೆಲ್ ಐತಾ ನೋಡ್ಕಳಣ್ಣ,” ಅನ್ನುತ್ತಾಳೆ.