ಒಂದು ಕೈ ಕಮ್ಮಿ ಇದ್ದ ಶನಿವಾರ

ನನ್ನ ಭಾವೀ ಮಾವನವರನ್ನು ನಾನು ಮೊದಲು ಕಂಡದ್ದು ಅನ್ನಪೂರ್ಣೇಶ್ವರಿ ನಗರದ ಅವರ ಮನೆಯಲ್ಲಿ, ಹುಡುಗಿ ನೋಡಲು ಹೋದಾಗ. ಕೇಸರಿಬಾತ್ ತಟ್ಟೆ ಕೈಗೆ ಬಂದ ಮೇಲೆ ಅವರು ಮೆಲ್ಲಗೆ ಕೇಳಿದರು: “ಅಭ್ಯಾಸ ಏನಾದ್ರೂ ಇದೆಯಾ?” ಮದುವೆ ಮಾತಿನಲ್ಲಿ ಅಭ್ಯಾಸ ಎಂದರೆ ಕುಡಿತ ಎಂದು ಯಾರಿಗೆ ಗೊತ್ತಿಲ್ಲ?

“ಛೆ ಛೆ, ಕಾಫಿನೂ ಅಷ್ಟಕ್ಕಷ್ಟೇ” ಎಂದೆ.

“ನಮ್ಮನೇಲೂ ಅಷ್ಟೇ. ಅದರ ವಾಸನೆನೇ ಗೊತ್ತಿಲ್ಲ” ಎಂದು ಅವರು ತೃಪ್ತಿಯಿಂದ ತಲೆದೂಗಿದರು. ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನನ್ನ ಕಾಫಿಯ ಮಾತಿಗೇ ನಕ್ಕಳೆಂದು ಹಿಗ್ಗಿದೆ. ಆ ನಗುವಿಗೆ ಬಿದ್ದುಹೋದೆ ಎನ್ನುವುದೇ ಸರಿ. ಈ ಸಂಬಂಧ ತಪ್ಪಿದರೆ ಮದುವೆಯೇ ಬೇಡ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ. ಮುಂದಿನ ಭಾನುವಾರ ತಾಂಬೂಲ ಬದಲಾಯಿಸುವುದೆಂದು ನಿಶ್ಚಯವಾಯಿತು.

ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಗೆಳೆಯನೊಬ್ಬ ವಿಜಯನಗರದ ನಮ್ಮ ಮಾಮೂಲಿ ಬಾರಿಗೆ ಕರೆದ. ಮಷೀನು ಕೂಡಿಸುವ ಕೆಲಸಕ್ಕೆಂದು ಫ್ಯಾಕ್ಟರಿಯವರು ಅವನನ್ನು ಮೆಕ್ಸಿಕೋಗೆ ಕಳಿಸಿದ್ದರು. ಫಾರಿನ್ನಿಗೆ ಹೋದವರು ಸೆಂಟು ತರುತ್ತಾರೆ; ಇವನು ತಂದದ್ದು ಒಂದು ಆಟ. ಹೆಚ್ಚುಕಮ್ಮಿ ನಮ್ಮ ತಂಬೋಲವೇ, ಅಂಕಿಯ ಬದಲು ಚಿತ್ರ. ಒಬ್ಬೊಬ್ಬರಿಗೆ ಒಂದೊಂದು ರಟ್ಟು, ಅದರ ತುಂಬ ಹುಂಜ, ಚೇಳು, ಏಣಿ, ಕಲ್ಲಂಗಡಿ. ಒಬ್ಬ ಇಸ್ಪೀಟಿನಂಥ ಕಟ್ಟಿನಿಂದ ಎಲೆ ತೆಗೆದು ಚಿತ್ರದ ಹೆಸರು ಕೂಗಬೇಕು, ಅದು ಇದ್ದವರು ಅದರ ಮೇಲೆ ಕಾಳಿಡಬೇಕು, ಸಾಲು ತುಂಬಿದವನು ಗೆದ್ದ. ಅಲ್ಲಿಯವರು ಹುರುಳಿಕಾಯಿ ಬೀಜ ಇಡುತ್ತಾರಂತೆ. ನಾವು ಮಸಾಲೆ ಕಡ್ಲೆಕಾಯಿ ಬೀಜ ಇಟ್ಟೆವು, ಇಟ್ಟದ್ದನ್ನು ಮರೆತು ನಾವೇ ತಿಂದೆವು, ಆಮೇಲೆ ಜಗಳವಾಡಿದೆವು. ಬಾರಿನಲ್ಲಿ ಇಸ್ಪೀಟಿಗೆ ನಿಷೇಧವಿತ್ತು. ಆದರೆ ಮಾಲೀಕರು ರಟ್ಟು ನೋಡಿ, “ಎಲ್‌ಕೆಜಿ ಪುಸ್ತಕನಾ? ಆಡ್ಕೊಳ್ಳಿ” ಎಂದರು.

ಆಟಕ್ಕೆ ಇನ್ನೊಬ್ಬರಿದ್ದರೆ ರಂಗೇರುತ್ತದೆ ಎನಿಸಿತು. ಪಕ್ಕದ ಮೇಜಿನಲ್ಲಿ ಗೋಡೆ ಕಡೆ ಮುಖ ಮಾಡಿ ಒಬ್ಬರೇ ಕೂತಿದ್ದವರನ್ನು ಗೆಳೆಯ ಕರೆದ: “ಸಾರ್, ಒಂದು ಕೈ ಕಮ್ಮಿ ಇದೆ, ಬರ್ತೀರಾ?”

ಅವರು ತಿರುಗಿದರು.

ಭಾವೀ ಮಾವ! ಎದುರಿಗೆ ಅರ್ಧ ಮುಗಿದ ಗ್ಲಾಸು. ನಾನು ದಡಕ್ಕನೆ ಎದ್ದು ನಿಂತೆ, ಏಳುವಾಗಲೇ ನನ್ನ ಬಿಯರ್ ಗ್ಲಾಸನ್ನು ಮೇಜಿನ ಕೆಳಗೆ ಪಾದದ ಸಂದಿಗೆ ಸೇರಿಸಿದೆ. ಅವರ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಸಪ್ಲೈಯರನ್ನು ಕರೆದು ತಮ್ಮದೇ ಗ್ಲಾಸು ತೋರಿಸಿ, “ಇದು ಯಾರದಪ್ಪಾ ಇಲ್ಲಿಟ್ಟಿರೋದು?” ಎಂದು ಗದರಿದರು.

“ನಿಮ್ದೇ ಸಾರ್, ಮಾಮೂಲಿ” ಎಂದ ಆ ಪುಣ್ಯಾತ್ಮ.

ಇದೊಂದೂ ಅರಿಯದ ಗೆಳೆಯ ಅವರನ್ನು ಕೈಹಿಡಿದು ಕರೆತಂದು ನನ್ನ ಎದುರಿಗೇ ಕೂರಿಸಿದ. ಎದ್ದು ಹೋದವನು ತಪ್ಪೊಪ್ಪಿಕೊಂಡಂತೆ, ಹಾಗಾಗಿ ಇಬ್ಬರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಆಡಿದೆವು. ಹುಂಜ ಬಂತು, ಚೇಳು ಬಂತು. ಆಮೇಲೆ ಗೆಳೆಯ ಒಂದು ಎಲೆ ಎತ್ತಿ ಹಿಡಿದ: ಬಾಟಲಿ ಹಿಡಿದು ತೂರಾಡುವ ಮನುಷ್ಯ. “ಕುಡುಕಾ!”

ಆ ಚಿತ್ರ ಇಬ್ಬರ ರಟ್ಟಿನಲ್ಲೂ ಇತ್ತು. ಅವರಿಗೆ ಸಾಲು ತುಂಬಲು ಅದೊಂದೇ ಬೇಕಿತ್ತು. ಬೀಜ ಹಿಡಿದ ಅವರ ಬೆರಳು ಗಾಳಿಯಲ್ಲೇ ನಿಂತಿತು. ಒಂದು ಕ್ಷಣ ನನ್ನನ್ನು ನೋಡಿದರು, ಬೀಜವನ್ನು ಬಾಯಿಗೆ ಹಾಕಿಕೊಂಡು ಅಗಿದರು, “ನನ್ನ ಹತ್ರ ಇಲ್ಲ” ಎಂದು ಎದ್ದು ಹೋದರು.

ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಿಗ್ಗೆ ‘ಬರಬೇಡಿ’ ಎಂಬ ಫೋನಿಗೆ ಕಾದೆ. ಬರಲಿಲ್ಲ. ಹೋದೆವು. ಮಾವನವರು ಕೈಮುಗಿದು ಬರಮಾಡಿಕೊಂಡರು, ಹಣೆಯಲ್ಲಿ ಢಾಳಾದ ವಿಭೂತಿ. ಹಿರಿಯರು ನನ್ನನ್ನೂ ಹುಡುಗಿಯನ್ನೂ ಎರಡು ಮಾತಾಡಿಕೊಳ್ಳಲಿ ಎಂದು ವರಾಂಡಕ್ಕೆ ಬಿಟ್ಟರು.

“ನಿನ್ನೆ ಬಾರಲ್ಲಿ ಚಿತ್ರದಾಟ ಆಡಿದ್ರಂತೆ” ಎಂದಳು ಹುಡುಗಿ.

“ಯಾರು ಹೇಳಿದ್ದು?”

“ಅಪ್ಪ. ‘ಹುಡುಗ ಕುಡೀತಾನೆ. ಆದ್ರೆ ದೊಡ್ಡವರನ್ನ ಕಂಡ ತಕ್ಷಣ ಎದ್ದು ನಿಂತು ಗ್ಲಾಸು ಮುಚ್ಚಿಟ್ಟ, ಮರ್ಯಾದೆ ಗೊತ್ತಿದೆ. ಇನ್ನು ನಿನ್ನಿಷ್ಟ’ ಅಂದ್ರು.” ಕಿಟಕಿಯತ್ತ ಕಣ್ಣು ಹಾಯಿಸಿ ಕೇಳಿದಳು: “ಅದಿರ್ಲಿ, ಅಪ್ಪ ಅಲ್ಲಿ ಏನ್ಮಾಡ್ತಿದ್ರು?”

ಕಿಟಕಿಯಾಚೆ ಮಾವನವರು ತಾಂಬೂಲದ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರ ಮರ್ಯಾದೆಯೂ ನನ್ನ ಮದುವೆಯೂ ಒಂದೇ ಉತ್ತರದಲ್ಲಿ ಸಿಕ್ಕಿಕೊಂಡಿದ್ದವು.

“ಒಂದು ಕೈ ಕಮ್ಮಿ ಇತ್ತು. ನಾವೇ ಕರೆದ್ವಿ” ಎಂದೆ.

“ಅಪ್ಪನೂ ಇದನ್ನೇ ಹೇಳಿದ್ರು. ಪ್ರತಿ ಶನಿವಾರನೂ ನಿಮಗೆ ಒಂದು ಕೈ ಕಮ್ಮಿ ಇರುತ್ತಾ?”

ಹೇಳಿ ಕಿಸಕ್ಕನೆ ನಕ್ಕಳು. ಅದೇ ನಗು. ಅಂದು ಬಾಗಿಲ ಹಿಂದೆ ಅವಳು ನಕ್ಕದ್ದು ನನ್ನ ಕಾಫಿಗಲ್ಲ, ಅಪ್ಪನ ‘ವಾಸನೆನೇ ಗೊತ್ತಿಲ್ಲ’ ಎಂಬ ಮಾತಿಗೆ ಎಂದು ಆಗ ಹೊಳೆಯಿತು. ಒಳಗಿನಿಂದ ತಾಂಬೂಲಕ್ಕೆ ಕರೆದರು. ಅವಳೇ ಮುಂದೆ ನಡೆದಳು.